ವೈರಸ್ ‘ಬೆಳೆಯುತ್ತದೆ’ ಅನ್ನಬಹುದೇ? ಕ್ರಿಯಾಪದಗಳ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಸೂಕ್ಷ್ಮಜೀವಿಗಳ ಬಗ್ಗೆ ಮೊದಲ ಸಲ ಓದುವವರಿಗಾಗಿ ಒಂದು ಪಾಠ ಬರೆಯುತ್ತಿದ್ದೇನೆ. ಕೋಶ, ಬ್ಯಾಕ್ಟೀರಿಯಾ, ವೈರಸ್, ಜೀನ್, ರೋಗ ಎಲ್ಲವೂ ಅದರಲ್ಲಿ ಬರುತ್ತವೆ. ಹೆಸರುಗಳ ವಿಷಯದಲ್ಲಿ ಅಂಥ ತೊಡಕಿಲ್ಲ. ವೈರಸ್ ಅಂದರೂ ವೈರಾಣು ಅಂದರೂ ಯಾವುದರ ಮಾತು ಅಂತ ಓದುಗರಿಗೆ ತಿಳಿಯುತ್ತದೆ. ನಾನು ಸಿಕ್ಕಿಕೊಂಡಿರುವುದು ಕ್ರಿಯಾಪದಗಳಲ್ಲಿ. ವೈರಸ್ ಬೆಳೆಯುತ್ತದೆಯೇ? ಸಾಯುತ್ತದೆಯೇ? ರೂಪ ಬದಲಿಸಿಕೊಳ್ಳುತ್ತದೆಯೇ? ಪತ್ರಿಕೆಗಳಲ್ಲಿ, ಮಾತಿನಲ್ಲಿ ಇವೆಲ್ಲ ಧಾರಾಳವಾಗಿ ಬರುತ್ತವೆ. ಬ್ಯಾಕ್ಟೀರಿಯಾಕ್ಕೆ ಹಾಕುವ ಕ್ರಿಯಾಪದವನ್ನೇ ವೈರಸ್‌ಗೂ ಹಾಕಿಬಿಡುತ್ತೇವೆ. ಆಗ ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ವಾಕ್ಯದಲ್ಲೇ ಅಳಿಸಿಹೋಗುತ್ತದೆ. ಈ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಬ್ಯಾಕ್ಟೀರಿಯಾದಿಂದ ಶುರು ಮಾಡುತ್ತೇನೆ, ಅಲ್ಲಿ ತಕರಾರಿಲ್ಲ. ಅದು ಒಂದು ಇಡೀ ಕೋಶ. ಸುತ್ತ ಪೊರೆ ಇದೆ, ಹೆಚ್ಚಿನವಕ್ಕೆ ಪೊರೆಯ ಹೊರಗೆ ಗೋಡೆಯೂ ಇದೆ. ಒಳಗೆ ಡಿಎನ್ಎ ಇದೆ, ಪ್ರೋಟೀನ್ ಕಟ್ಟುವ ರೈಬೋಸೋಮ್‌ಗಳಿವೆ. ನಮ್ಮ ಕರುಳಿನಲ್ಲಿರುವ ಇ. ಕೋಲೈ ಸುಮಾರು 2 ಮೈಕ್ರೋಮೀಟರ್ ಉದ್ದ. ಆಹಾರ, ಬಿಸಿ ಎಲ್ಲ ಹದವಾಗಿದ್ದರೆ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಅದು ಆಹಾರ ಹೀರಿಕೊಳ್ಳುತ್ತದೆ, ಉದ್ದವಾಗುತ್ತದೆ, ಡಿಎನ್ಎಗೆ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತದೆ, ನಡುವೆ ಗೋಡೆ ಕಟ್ಟಿಕೊಂಡು ಎರಡು ಹೋಳಾಗುತ್ತದೆ. ತಿನ್ನು, ಬೆಳೆ, ಒಡೆ, ಸಾಯು. ಈ ಯಾವ ಮಾತನ್ನೂ ಎಳೆದಾಡಬೇಕಾಗಿಲ್ಲ.

ವೈರಸ್ ಹಾಗಲ್ಲ. ಅದು ಕೋಶವೇ ಅಲ್ಲ. ಒಂದಿಷ್ಟು ಡಿಎನ್ಎ ಅಥವಾ ಆರ್ಎನ್ಎ, ಅದರ ಸುತ್ತ ಪ್ರೋಟೀನಿನ ಕವಚ, ಕೆಲವಕ್ಕೆ ಮೇಲೊಂದು ಕೊಬ್ಬಿನ ಪದರ. ಪೋಲಿಯೋ ವೈರಸ್ ಸುಮಾರು 30 ನ್ಯಾನೋಮೀಟರ್ (ಸಾವಿರ ನ್ಯಾನೋಮೀಟರ್ ಸೇರಿದರೆ ಒಂದು ಮೈಕ್ರೋಮೀಟರ್), ಫ್ಲೂ ವೈರಸ್ 100ರ ಆಸುಪಾಸು. ಕವಚ ಕಟ್ಟಿ ಮುಗಿದ ಮೇಲೆ ವೈರಸ್ ಕಣ ದೊಡ್ಡದಾಗುವುದಿಲ್ಲ. ಏನನ್ನೂ ತಿನ್ನುವುದಿಲ್ಲ. ತನ್ನದೇ ರೈಬೋಸೋಮ್ ಅಂತೂ ಯಾವ ವೈರಸ್‌ಗೂ ಇಲ್ಲ.

ಹಾಗಾದರೆ ಒಂದು ವೈರಸ್ ನೂರಾಗುವುದು ಹೇಗೆ? ಪಾಠ ಬರೆಯುವಾಗ ನನಗೆ ತುಂಬ ಇಷ್ಟವಾದ ಜಾಗ ಇದು. ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್‌ಗಳಿವೆ. ಅವುಗಳಲ್ಲಿ ಟಿ4 ಅನ್ನುವುದನ್ನು ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ. ಅದು ಬ್ಯಾಕ್ಟೀರಿಯಾದ ಮೇಲೆ ಕೂತು ತನ್ನ ಡಿಎನ್ಎಯನ್ನು ಒಳಗೆ ಬಿಡುತ್ತದೆ, ಕವಚ ಹೊರಗೇ ಉಳಿಯುತ್ತದೆ. ಆಮೇಲಿನ ಸುಮಾರು 10 ನಿಮಿಷದಲ್ಲಿ ಯಾವಾಗ ಆ ಕೋಶವನ್ನು ಒಡೆದು ನೋಡಿದರೂ ಒಂದೇ ಒಂದು ಪೂರ್ತಿ ವೈರಸ್ ಸಿಗುವುದಿಲ್ಲ. ಹೋದದ್ದು ಕೂಡ ಇಲ್ಲ! ವಿಜ್ಞಾನಿಗಳು ಈ ಹೊತ್ತನ್ನು ಗ್ರಹಣ ಎಂದೇ ಕರೆದಿದ್ದಾರೆ. ಕೋಶದೊಳಗೆ ಕವಚದ ಚೂರುಗಳು ಒಂದು ಕಡೆ, ಡಿಎನ್ಎ ಪ್ರತಿಗಳು ಇನ್ನೊಂದು ಕಡೆ ತಯಾರಾಗುತ್ತಿರುತ್ತವೆ. ಆಮೇಲೆ ಅವು ಕೂಡಿಕೊಂಡು ಹೊಸ ವೈರಸ್‌ಗಳಾಗುತ್ತವೆ. ಸುಮಾರು ಅರ್ಧ ಗಂಟೆಗೆ ಕೋಶ ಒಡೆದು ನೂರರ ಲೆಕ್ಕದಲ್ಲಿ ಹೊರಬರುತ್ತವೆ.

ಇಲ್ಲಿ ‘ಬೆಳೆ’ ಎಲ್ಲಿದೆ? ‘ಒಡೆದು ಎರಡಾಗು’ ಎಲ್ಲಿದೆ? ಎರಡೂ ಇಲ್ಲ. ಹಾಗಾಗಿ ಒಂದು ವಾಕ್ಯ ಹೀಗೆ ಬರೆದಿದ್ದೇನೆ, ನೋಡಿ: “ಬ್ಯಾಕ್ಟೀರಿಯಾ ತನ್ನ ಪ್ರತಿಯನ್ನು ತಾನೇ ಮಾಡಿಕೊಳ್ಳುತ್ತದೆ. ವೈರಸ್ ತನ್ನ ಪ್ರತಿಯನ್ನು ಕೋಶದಿಂದ ಮಾಡಿಸಿಕೊಳ್ಳುತ್ತದೆ.” ಮಾಡು, ಮಾಡಿಸು. ಒಂದು ‘ಇಸು’ ಸೇರಿಸಿದರೆ ಸಾಕು, ಕೋಶಕ್ಕೂ ವೈರಸ್‌ಗೂ ಇರುವ ಅಂತರ ಬಂದುಬಿಡುತ್ತದೆ. ಇದನ್ನು ಕಂಡಾಗ ನನಗೆ ನಿಜವಾಗಿ ಖುಷಿಯಾಯಿತು. ಪಾಠದ ಉದ್ದಕ್ಕೂ ಇದನ್ನೇ ಪಾಲಿಸೋಣ ಎಂದುಕೊಂಡಿದ್ದೇನೆ. ವೈರಸ್ ಪ್ರೋಟೀನ್ ಕಟ್ಟುವುದಿಲ್ಲ, ಕಟ್ಟಿಸಿಕೊಳ್ಳುತ್ತದೆ. ‘ವೈರಸ್ ಹೆಚ್ಚುತ್ತದೆ’ ಅನ್ನುವುದಕ್ಕೂ ನನ್ನ ಅಡ್ಡಿಯಿಲ್ಲ, ಅದು ಲೆಕ್ಕವನ್ನಷ್ಟೇ ಹೇಳುತ್ತದೆ. ಪ್ರಯೋಗಾಲಯದವರು ‘ವೈರಸ್ ಬೆಳೆಸಿದೆವು’ ಅನ್ನುತ್ತಾರೆ, ಅವರಿಗೆ ಅದು ರೂಢಿ. ಆದರೆ ಮೊದಲ ಸಲ ಓದುವವರಿಗೆ ‘ಬೆಳೆಯುತ್ತದೆ’ ಅಂದರೆ ಮನಸ್ಸಿಗೆ ಬರುವ ಚಿತ್ರವೇ ಬೇರೆ, ಅಲ್ವಾ?

‘ಸಾಯು’ ಇನ್ನೂ ಕಷ್ಟದ್ದು. 1935ರಲ್ಲಿ ವೆಂಡೆಲ್ ಸ್ಟ್ಯಾನ್ಲಿ ಹೊಗೆಸೊಪ್ಪಿನ ಗಿಡಕ್ಕೆ ರೋಗ ತರುವ ವೈರಸ್ಸನ್ನು ಹರಳಾಗಿಸಿ ತೋರಿಸಿದರು. ಆ ಹರಳನ್ನು ಕರಗಿಸಿ ಎಲೆಗೆ ಉಜ್ಜಿದರೆ ಮತ್ತೆ ರೋಗ ಬರುತ್ತಿತ್ತು. ಹರಳಾಗಿದ್ದಾಗ ಅದು ಬದುಕಿತ್ತೇ, ಸತ್ತಿತ್ತೇ? ಎರಡು ಮಾತೂ ಒಪ್ಪುವುದಿಲ್ಲ. ಸೋಪು ಫ್ಲೂ ವೈರಸ್ಸಿನ ಕೊಬ್ಬಿನ ಪದರವನ್ನು ಹರಿದುಹಾಕುತ್ತದೆ, ಆಮೇಲೆ ಅದು ಕೋಶದೊಳಗೆ ಹೋಗಲಾರದು. ಇದಕ್ಕೆ ‘ಕೆಡು’ ಚೆನ್ನಾಗಿ ಹೊಂದುತ್ತದೆ ಎಂದು ನನ್ನ ಅನಿಸಿಕೆ. “ಸೋಪಿನಿಂದ ವೈರಸ್ ಕೆಡುತ್ತದೆ.” ‘ನಿಷ್ಕ್ರಿಯವಾಗುತ್ತದೆ’ ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ, ತಪ್ಪಿಲ್ಲ, ಆದರೆ ಮಾತಿನಲ್ಲಿ ಬರುವ ಪದವಲ್ಲ. ಇಲ್ಲಿ ಒಂದು ತೊಂದರೆ ಇದೆ. ಲಸಿಕೆಯ ವಿಷಯ ಬಂದಾಗ ವೈದ್ಯರೇ ‘ಜೀವಂತ ವೈರಸ್ ಲಸಿಕೆ’, ‘ಸತ್ತ ವೈರಸ್ ಲಸಿಕೆ’ ಅನ್ನುತ್ತಾರೆ. 1955ರಲ್ಲಿ ಬಳಕೆಗೆ ಬಂದ ಜೋನಸ್ ಸಾಕ್ ಅವರ ಪೋಲಿಯೋ ಲಸಿಕೆ ಎರಡನೆಯ ಬಗೆಯದು, ಫಾರ್ಮಲಿನ್ ಅನ್ನುವ ರಾಸಾಯನಿಕ ಹಾಕಿ ಕೆಡಿಸಿದ ವೈರಸ್ಸಿನದು. ‘ಕೆಡಿಸಿದ ವೈರಸ್ಸಿನ ಲಸಿಕೆ’ ಎಂದು ಬರೆದರೆ ಲಸಿಕೆಯೇ ಕೆಟ್ಟಿದೆ ಎಂದು ಓದುಗರು ಗಾಬರಿಯಾಗುತ್ತಾರೇನೋ! ಲಸಿಕೆಯ ವಿಷಯದಲ್ಲಿ ಅಂಥ ಒಂದು ಅನುಮಾನಕ್ಕೂ ನಾನು ಎಡೆ ಕೊಡಲಾರೆ. ಇದಕ್ಕೆ ಬೇರೆ ಪದ ಹೊಳೆದರೆ ತಿಳಿಸಿ.

ಇಷ್ಟೊಂದು ತಲೆಕೆಡಿಸಿಕೊಳ್ಳುವುದು ಯಾಕೆ ಎಂದು ಯಾರಾದರೂ ಕೇಳಬಹುದು. ‘ಕ್ರಿಮಿ ಕೊಲ್ಲುವ ಔಷಧ’ ಅನ್ನುವ ಮಾತನ್ನು ನೋಡಿ. ಪೆನಿಸಿಲಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಗೋಡೆ ಕಟ್ಟಿಕೊಳ್ಳದಂತೆ ತಡೆದು. ಗೋಡೆಯೇ ಇಲ್ಲದ ವೈರಸ್ಸನ್ನು ಅದು ಏನೂ ಮಾಡಲಾರದು. ಆದರೆ ಎರಡೂ ಕ್ರಿಮಿ, ಎರಡೂ ಬೆಳೆಯುತ್ತವೆ, ಎರಡೂ ಸಾಯುತ್ತವೆ ಎಂದು ಕಲಿತವರು ನೆಗಡಿಗೂ ಆಂಟಿಬಯಾಟಿಕ್ ಕೇಳುತ್ತಾರೆ. ಅವರನ್ನು ದೂರುವುದು ಸರಿಯಲ್ಲ, ನಾವು ಕೊಟ್ಟ ವಾಕ್ಯಗಳಿಂದಲೇ ಅವರು ಅರ್ಥ ಮಾಡಿಕೊಂಡಿದ್ದಾರೆ.

ಮುಂದಿನದು ಜೀನ್‌ಗಳ, ಅಂದರೆ ಒಂದೊಂದು ಗುಣಕ್ಕೆ ಕಾರಣವಾಗುವ ಡಿಎನ್ಎ ಅಥವಾ ಆರ್ಎನ್ಎ ತುಣುಕುಗಳ ವಿಷಯ. “ಔಷಧಕ್ಕೆ ಬ್ಯಾಕ್ಟೀರಿಯಾ ಒಗ್ಗಿಕೊಂಡಿದೆ”, “ವೈರಸ್ ರೂಪ ಬದಲಿಸಿಕೊಂಡಿದೆ”. ಈ ‘ಕೊಂಡಿದೆ’ ನನಗೆ ಬಹಳ ಕಾಟ ಕೊಡುತ್ತಿದೆ. ಬೇಕೆಂದೇ, ತನ್ನ ಲಾಭಕ್ಕಾಗಿ ಮಾಡಿಕೊಂಡಿತು ಎನ್ನುವ ಅರ್ಥ ಅದರೊಳಗಿದೆ. ನಡೆಯುವುದು ಹಾಗಲ್ಲ. 1943ರಲ್ಲಿ ಲೂರಿಯಾ ಮತ್ತು ಡೆಲ್ಬ್ರುಕ್, ಬ್ಯಾಕ್ಟೀರಿಯಾದ ಜೀನ್‌ಗಳಲ್ಲಿ ಇಂಥ ಬದಲಾವಣೆಗಳು ಅಪಾಯ ಎದುರಾಗುವ ಮೊದಲೇ, ತಮ್ಮಷ್ಟಕ್ಕೆ ಆಗಿರುತ್ತವೆ ಎಂದು ತೋರಿಸಿದರು. ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ 1952ರಲ್ಲಿ ಅದನ್ನೇ ಇನ್ನೂ ಸರಳವಾಗಿ ಕಾಣಿಸಿದರು. ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾದ ಮೇಲೆ ಮಖಮಲ್ ಬಟ್ಟೆ ಒತ್ತಿ, ಅದೇ ಬಟ್ಟೆಯನ್ನು ಸ್ಟ್ರೆಪ್ಟೊಮೈಸಿನ್ ಹಾಕಿದ ತಟ್ಟೆಗೆ ಒತ್ತಿದರು. ಔಷಧದ ತಟ್ಟೆಯಲ್ಲಿ ಎಲ್ಲಿ ಬ್ಯಾಕ್ಟೀರಿಯಾ ಉಳಿಯಿತೋ, ಮೊದಲ ತಟ್ಟೆಯ ಅದೇ ಜಾಗವನ್ನು ಹುಡುಕಿಕೊಂಡು ಹೋದರು. ಅಲ್ಲಿ ಔಷಧವನ್ನು ಯಾವತ್ತೂ ಕಾಣದ, ಆದರೂ ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾ ಇತ್ತು. ಅಂದರೆ ಅದು ಒಗ್ಗಿಕೊಂಡಿರಲಿಲ್ಲ. ಅದು ಮೊದಲೇ ಬೇರೆಯಾಗಿತ್ತು, ಮಿಕ್ಕವು ಸತ್ತವು, ಅದು ಉಳಿಯಿತು. ಹಾಗಾಗಿ ‘ಬದಲಿಸಿಕೊಂಡಿತು’ ಇದ್ದ ಕಡೆಯೆಲ್ಲ ‘ಬದಲಾಯಿತು’ ಎಂದೂ, ‘ಒಗ್ಗಿಕೊಂಡಿತು’ ಇದ್ದ ಕಡೆ ‘ಉಳಿಯಿತು’ ಎಂದೂ ತಿದ್ದುತ್ತಿದ್ದೇನೆ.

ಈ ಬದಲಾವಣೆಯನ್ನು ವಿವರಿಸಲು ಹಳೆಯ ಹಸ್ತಪ್ರತಿಗಳ ಹೋಲಿಕೆ ಕೊಟ್ಟಿದ್ದೇನೆ. ಲಿಪಿಕಾರ ಪ್ರತಿ ಮಾಡುವಾಗ ಒಂದಕ್ಷರ ತಪ್ಪುತ್ತದೆ, ಮುಂದಿನ ಪ್ರತಿಗಳೆಲ್ಲ ಆ ತಪ್ಪನ್ನೇ ಹೊತ್ತುಕೊಂಡು ಹೋಗುತ್ತವೆ, ಪಾಠಾಂತರ ಹುಟ್ಟುತ್ತದೆ. ಆರ್ಎನ್ಎ ವೈರಸ್‌ಗಳಲ್ಲಿ ಹೀಗೆ ತಪ್ಪುವುದು ಜಾಸ್ತಿ. ಹೆಚ್ಚಿನವುಗಳಲ್ಲಿ ತಪ್ಪು ತಿದ್ದುವ ಏರ್ಪಾಡು ಇಲ್ಲದಿರುವುದೇ ಅದಕ್ಕೆ ಕಾರಣ. ಕೊರೊನಾ ವೈರಸ್‌ಗಳಲ್ಲಿ ಆ ಏರ್ಪಾಡು ತಕ್ಕಮಟ್ಟಿಗೆ ಇದೆ. ಆದರೂ ಕೋಟಿಗಟ್ಟಲೆ ಜನರಿಗೆ ಹರಡಿದಾಗ ಎಷ್ಟು ಪಾಠಾಂತರಗಳಾದವು ಎಂದು ನಾವೇ ನೋಡಿದ್ದೇವೆ.

ಹೆಸರುಗಳ ತೊಡಕಿಲ್ಲ ಅಂದೆ, ಆದರೆ ‘ವಂಶವಾಹಿ’ ಒಂದನ್ನು ಮಾತ್ರ ಕೈಬಿಟ್ಟು ‘ಜೀನ್’ ಎಂದೇ ಬರೆದಿದ್ದೇನೆ. ಕಾರಣ 1928ರ ಗ್ರಿಫಿತ್ ಪ್ರಯೋಗ. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾವನ್ನು ಬಿಸಿಯಿಂದ ಕೊಂದು, ಅದನ್ನು ಅದೇ ಜಾತಿಯ ನಿರುಪದ್ರವಿ ಬ್ಯಾಕ್ಟೀರಿಯಾದ ಜೊತೆ ಇಲಿಗಳಿಗೆ ಚುಚ್ಚಿದಾಗ ಇಲಿಗಳು ಸತ್ತವು, ಅವುಗಳೊಳಗೆ ರೋಗ ತರುವ ಬಗೆ ಜೀವಂತವಾಗಿ ಸಿಕ್ಕಿತು. ಸತ್ತದ್ದರಿಂದ ಬದುಕಿದ್ದಕ್ಕೆ ಗುಣ ದಾಟಿತ್ತು. ದಾಟಿದ್ದು ಡಿಎನ್ಎ ಎಂದು 1944ರಲ್ಲಿ ಏವರಿ, ಮ್ಯಾಕ್‌ಲಿಯಾಡ್, ಮೆಕಾರ್ಟಿ ತೋರಿಸಿದರು. ಇಲ್ಲಿ ವಂಶದ ಮಾತೇ ಇಲ್ಲ. ಔಷಧಕ್ಕೆ ಜಗ್ಗದ ಜೀನ್‌ಗಳು ಈಗಲೂ ಹೀಗೇ, ಒಂದು ಬ್ಯಾಕ್ಟೀರಿಯಾದಿಂದ ಪಕ್ಕದ್ದಕ್ಕೆ, ಕೆಲವೊಮ್ಮೆ ಬೇರೆ ಜಾತಿಗೂ ದಾಟುತ್ತವೆ. ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ಗುಣದ ಬಗ್ಗೆ ಬರೆಯುವಾಗ ವಂಶವಾಹಿ ಒಪ್ಪುತ್ತದೆ. ಬ್ಯಾಕ್ಟೀರಿಯಾದ ಪಾಠದಲ್ಲಿ ಅದು ಓದುಗರನ್ನು ದಾರಿ ತಪ್ಪಿಸುತ್ತದೆ.

ರೋಗದ ಕಡೆ ಬಂದರೆ ‘ಸೋಂಕು’ ಅನ್ನುವ ಪದ ನಮಗಿರುವುದೇ ಪುಣ್ಯ. ಸೋಂಕು ಅಂದರೆ ತಾಕು, ಅಷ್ಟೇ. ರೋಗ ಬಂತು ಎಂದು ಅದು ಹೇಳುವುದಿಲ್ಲ. ಕ್ಷಯದ ಬ್ಯಾಕ್ಟೀರಿಯಾ ಲೋಕದ ಸುಮಾರು ಕಾಲು ಭಾಗ ಜನರಿಗೆ ಸೋಂಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಜೀವಮಾನದಲ್ಲಿ ಕ್ಷಯರೋಗ ಬರುವುದು ನೂರಕ್ಕೆ 5ರಿಂದ 10 ಮಂದಿಗೆ. ನ್ಯೂಯಾರ್ಕಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಮೇರಿ ಮ್ಯಾಲನ್ ಅವರಿಗೆ ಟೈಫಾಯಿಡ್ಡಿನ ಯಾವ ಲಕ್ಷಣವೂ ಇರಲಿಲ್ಲ. ಆದರೆ ಅವರಿಂದ ಹಲವರಿಗೆ ಅದು ಹರಡಿದೆ ಎಂದು 1907ರಲ್ಲಿ ಗೊತ್ತಾಯಿತು. ಹಾಗಾಗಿ ‘ಸೋಂಕಿತು’ ಒಂದು ವಾಕ್ಯ, ‘ಕಾಯಿಲೆ ಬಿದ್ದರು’ ಇನ್ನೊಂದು ವಾಕ್ಯ. ಎರಡನ್ನೂ ಸೇರಿಸಿ ‘ರೋಗ ತಗಲಿತು’ ಎಂದು ಬರೆಯುವುದನ್ನು ಬಿಟ್ಟಿದ್ದೇನೆ.

ಕೊನೆಯದಾಗಿ ಒಂದು ಕ್ರಿಯಾಪದ ಬೇಕಾಗಿದೆ. ಚಿಕನ್‌ಪಾಕ್ಸ್ ವಾಸಿಯಾದ ಮೇಲೂ ಅದರ ವೈರಸ್ಸಿನ ಡಿಎನ್ಎ ನರಕೋಶಗಳಲ್ಲಿ ಉಳಿದಿರುತ್ತದೆ. ಎಷ್ಟೋ ವರ್ಷಗಳ ಮೇಲೆ ಅದೇ ಸರ್ಪಸುತ್ತಾಗಿ ಏಳುತ್ತದೆ. ನಡುವಿನ ಕಾಲದಲ್ಲಿ ಅಲ್ಲಿ ಕವಚ ತೊಟ್ಟ ವೈರಸ್ ಇರುವುದಿಲ್ಲ, ಬರೀ ಡಿಎನ್ಎ ಇರುತ್ತದೆ. ‘ಮಲಗಿರುತ್ತದೆ’ ಅಂದರೆ ಅದು ಪ್ರಾಣಿಯಾಯಿತು, ‘ಅಡಗಿರುತ್ತದೆ’ ಅಂದರೆ ಹೊಂಚು ಹಾಕಿದಂತಾಯಿತು. ‘ಹುದುಗಿರುತ್ತದೆ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಇದು ಎಲ್ಲ ಕಡೆಯ ಓದುಗರಿಗೆ ಸುಲಭವಾಗಿ ತಿಳಿಯುತ್ತದೆಯೇ, ಅಥವಾ ಇದಕ್ಕಿಂತ ಬಳಕೆಯಲ್ಲಿರುವ ಮಾತು ನಿಮ್ಮಲ್ಲಿ ಇದೆಯೇ?