ಗಿಟಾರ್ ಚಿತ್ರವಿರುವ ಹಳೆ ರೆಕಾರ್ಡ್ ಕವರ್‌ಗಳು: ಕೂಡಿಸಿದವರು ಅನುಭವ ಹೇಳಿ

ವಿಜಯನಗರದಿಂದ ಪ್ರಶ್ನೆ:
ಗಿಟಾರ್ ಕಲಿಯುತ್ತಿದ್ದೇನೆ. ಗಿಟಾರ್ ಚಿತ್ರ ಇರುವ ಹಳೆ ರೆಕಾರ್ಡ್ ಕವರ್‌ಗಳನ್ನು ಕೂಡಿಸಬೇಕು, ಕೆಲವನ್ನು ಗೋಡೆಗೆ ಹಾಕಬೇಕು ಅಂತ ಆಸೆ. ಮನೆಯಲ್ಲಿ ಪ್ಲೇಯರ್ ಇಲ್ಲ, ಕೊಳ್ಳುವ ಯೋಚನೆಯೂ ಇಲ್ಲ. ಬೆಂಗಳೂರಿನಲ್ಲಿ ಎಲ್ಲಿ ಹುಡುಕಲಿ? ನಿಜವಾಗಿ ಹಳೆಯದು ಅಂತ ಹೇಗೆ ತಿಳಿಯುವುದು? ಮಳೆಗಾಲದಲ್ಲಿ ಹೇಗೆ ಕಾಪಾಡುವುದು?

ಬಸವನಗುಡಿ:
ಮೊದಲು ಹುಡುಕಾಟವನ್ನು ಸ್ವಲ್ಪ ಕಿರಿದು ಮಾಡಿಕೊಳ್ಳಿ. ಸುಮ್ನೆ ಗಿಟಾರ್ ಅಂದರೆ ಅರ್ಧ ರಾಕ್ ಸಂಗೀತವೇ ಬಂತು. ಎಲ್ವಿಸ್ ಪ್ರೀಸ್ಲಿಯ 1956ರ ಮೊದಲ ಆಲ್ಬಂ, ದಿ ಕ್ಲ್ಯಾಶ್‌ನ 'ಲಂಡನ್ ಕಾಲಿಂಗ್', ಡೈರ್ ಸ್ಟ್ರೇಟ್ಸ್‌ನ 'ಬ್ರದರ್ಸ್ ಇನ್ ಆರ್ಮ್ಸ್'. ಇವನ್ನು ಜಗತ್ತೇ ಹುಡುಕುತ್ತಿದೆ. ಮಾರುವವನಿಗೂ ಅದು ಗೊತ್ತು.

ನಾನು ಕೂಡಿಸುವುದು ನಮ್ಮ ದೇಶದ ಗಿಟಾರ್ ರೆಕಾರ್ಡ್‌ಗಳನ್ನು ಮಾತ್ರ. ವ್ಯಾನ್ ಶಿಪ್ಲಿ, ಸುನಿಲ್ ಗಂಗೂಲಿ, ಕಾಜಿ ಅನಿರುದ್ಧ ಮೊದಲಾದವರು ಸಿನಿಮಾ ಹಾಡು, ಬಂಗಾಳಿ ಹಾಡುಗಳನ್ನು ಗಿಟಾರ್‌ನಲ್ಲಿ ನುಡಿಸಿದ ಎಲ್‌ಪಿ (ದೊಡ್ಡ ರೆಕಾರ್ಡ್), ಇಪಿಗಳು (ಕೆಲವೇ ಹಾಡುಗಳ ಚಿಕ್ಕ ರೆಕಾರ್ಡ್). ರಫಿ, ಲತಾ ಬೇಕು ಅನ್ನುವವರು ಹಾಡುವ ದನಿ ಇಲ್ಲದ ಇವನ್ನು ಪಕ್ಕಕ್ಕೆ ಸರಿಸಿ ಹೋಗುತ್ತಾರೆ. ಆದ್ದರಿಂದಲೇ ಇನ್ನೂ ಕೈಗೆಟಕುತ್ತವೆ. ಕವರ್‌ಗಳ ಬಣ್ಣ ನೋಡಬೇಕು ನೀವು! ಇವುಗಳಲ್ಲಿ ಜಾಸ್ತಿ ಹವಾಯಿಯನ್ ಗಿಟಾರ್. ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುತ್ತಾರೆ. ಹಿಂದೂಸ್ತಾನಿಗೆ ಅದನ್ನು ತಂದ ಬ್ರಿಜ್ ಭೂಷಣ್ ಕಾಬ್ರಾ ಅವರನ್ನೂ ಮರೆಯಬೇಡಿ.

ಇನ್ನು ಜಾಗ. ಭಾನುವಾರ ಬೆಳಿಗ್ಗೆ ಬೇಗ ಚಿಕ್ಕಪೇಟೆ ಕಡೆಯ ಸಂಡೆ ಬಜಾರ್‌ಗೆ ಹೋಗಿ. ಅವೆನ್ಯೂ ರೋಡ್‌ನ ಹಳೆ ಪುಸ್ತಕದವರನ್ನು ಸುಮ್ನೆ ಕೇಳಿಟ್ಟಿರಿ. ಎಲ್ಲಕ್ಕಿಂತ ಮೇಲು ನಿಮ್ಮ ಏರಿಯಾದ ಗುಜರಿ ಅಂಗಡಿ. ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಅಟ್ಟದಲ್ಲಿದ್ದುದೆಲ್ಲ ಮೊದಲು ಹೋಗುವುದು ಅಲ್ಲಿಗೆ. ಫೋನ್ ನಂಬರ್ ಕೊಟ್ಟು ಬನ್ನಿ. 'ಗೀರು ಬಿದ್ದ ರೆಕಾರ್ಡ್ ಆದರೂ ಪರವಾಗಿಲ್ಲ, ಕವರ್ ಚೆನ್ನಾಗಿರಲಿ' ಅಂತ ಹೇಳಿ. ಆ ಒಂದು ಮಾತಿಗೇ ಬೆಲೆ ಇಳಿಯುತ್ತದೆ.

ಮಲ್ಲೇಶ್ವರ:
ಹಳೆಯದು ಅಂದ ತಕ್ಷಣ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಗಳ ಹಿಂದೆ ಹೋಗಬೇಡಿ. ಅವು ಹೆಚ್ಚಾಗಿ ನಡುವೆ ತೂತಿರುವ ಸಾದಾ ಕಾಗದದ ಚೀಲದಲ್ಲಿ ಬರುತ್ತಿದ್ದವು, ಚಿತ್ರ ಇರುವುದಿಲ್ಲ. ಚಿತ್ರದ ಕವರ್ ಅನ್ನುವುದನ್ನು ರೂಢಿಗೆ ತಂದದ್ದು ಅಮೆರಿಕದ ಕೊಲಂಬಿಯಾ ಕಂಪನಿಯ ಅಲೆಕ್ಸ್ ಸ್ಟೈನ್‌ವೈಸ್, 1940ರ ಸುಮಾರಿಗೆ. ಎಲ್‌ಪಿ ಬಂದದ್ದು 1948ರಲ್ಲಿ.

ವಯಸ್ಸು ತಿಳಿಯಲು ಕವರ್ ತಿರುಗಿಸಿ. ಬಾರ್‌ಕೋಡ್ ಇದ್ದರೆ ಅದು ಅರವತ್ತರ ದಶಕದ್ದಲ್ಲ, ಮರುಮುದ್ರಣ. ನಮ್ಮಲ್ಲಿ ಅಚ್ಚಾದ ಕವರ್‌ನಲ್ಲಿ ವಿಳಾಸ ಓದಿ. ಆರು ಅಂಕಿಯ ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್‌ನಲ್ಲಿ. 'ಕಲ್ಕತ್ತಾ-700 001' ಅಂತ ಅಚ್ಚಾಗಿದ್ದರೆ ಕವರ್ ಅದಕ್ಕಿಂತ ಮೊದಲಿನದಾಗಲು ಸಾಧ್ಯವಿಲ್ಲ. ಹಿಂದೆ ಅಂಗಡಿಯ ರಬ್ಬರ್ ಸ್ಟ್ಯಾಂಪ್‌ನಲ್ಲಿ ಬರೀ 'ಬೆಂಗಳೂರು-2' ಅಂತಿದ್ದರೆ ನನಗೆ ಖುಷಿಯೋ ಖುಷಿ. ಕೆಲವರು ಆ ಸ್ಟ್ಯಾಂಪನ್ನು ಕಲೆ ಅಂದುಕೊಂಡು ಉಜ್ಜಿ ತೆಗೆಯುತ್ತಾರೆ. ದಯವಿಟ್ಟು ಬೇಡ.

ಇನ್ನೊಂದು ಪರೀಕ್ಷೆ ಇದೆ. ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ಅಸಲಿ ಕವರ್‌ನಲ್ಲಿ ಸಣ್ಣ ಕಪ್ಪು ಅಕ್ಷರಗಳ ಅಂಚು ಗಟ್ಟಿಯಾಗಿ, ನೇರವಾಗಿ ಕಾಣುತ್ತದೆ. ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದರೆ ಅಕ್ಷರವೇ ಬಣ್ಣದ ಚುಕ್ಕಿಗಳಾಗಿ ಒಡೆದಿರುತ್ತದೆ.

ಜಯನಗರ:
ನಾನು ಇಡುವ ಬಗ್ಗೆ ಮಾತ್ರ ಹೇಳುತ್ತೇನೆ. ಕವರ್‌ಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಒಳಗಿನ ರೆಕಾರ್ಡ್ ಒತ್ತಿ ಚಿತ್ರದ ಮೇಲೆ ಬಳೆಯಂಥ ಗುರುತು ಮೂಡುತ್ತದೆ. ನೆಟ್ಟಗೆ ನಿಲ್ಲಿಸಿ, ಸ್ವಲ್ಪ ಸಡಿಲವಾಗಿ. ಮೇಲ್ಚೀಲ ಪಿವಿಸಿಯದ್ದು ಬೇಡ, ಪಾಲಿಪ್ರೊಪಿಲೀನ್ ಕೇಳಿ ತೊಗೊಳ್ಳಿ. ಪಿವಿಸಿ ವರ್ಷ ಕಳೆದಂತೆ ಜಿಗುಟಾಗಿ ಕವರ್‌ಗೆ ಅಂಟಿಕೊಳ್ಳುತ್ತದೆ, ರೆಕಾರ್ಡ್ ಮೇಲೂ ಮಂಜು ಕವಿದಂತೆ ಮಾಡುತ್ತದೆ.

ಹೊರಗೋಡೆಗೆ ತಾಗಿದ ಬೀರು ಬೇಡ. ಜೂನ್‌ನಿಂದ ಅಕ್ಟೋಬರ್‌ವರೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬಿಸಿಲು ಬಂದ ದಿನ ಬಾಗಿಲು ತೆರೆದಿಡಿ. ಆದರೆ ಕವರ್‌ಗಳನ್ನೇ ಬಿಸಿಲಿಗೆ ಹಾಕಬೇಡಿ, ಕೆಂಪು ಬಣ್ಣ ಬೇಗ ಮಾಸುತ್ತದೆ. ಬೂಷ್ಟು ಹಿಡಿದ ಕವರ್ ತಂದರೆ ಬೇರೆಯವುಗಳಿಂದ ದೂರ ಇಡಿ. ಚೆನ್ನಾಗಿ ಒಣಗಿದ ಮೇಲೆ, ಮನೆಯ ಹೊರಗೆ, ಮೆತ್ತನೆ ಬ್ರಷ್‌ನಿಂದ ಉದುರಿಸಿ. ಮೂಗಿಗೆ ಮಾಸ್ಕ್ ಇರಲಿ. ಲ್ಯಾಮಿನೇಷನ್ ಇರುವ ಮುಖವನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಬಹುದು. ಹಿಂಬದಿ ಸಾಮಾನ್ಯವಾಗಿ ಬರೀ ಕಾಗದ, ಅಲ್ಲಿ ನೀರು ತಾಗಿಸಬೇಡಿ. ಹರಿದ ಅಂಚಿಗೆ ಸೆಲ್ಲೋಟೇಪ್ ಹಾಕಲೇಬೇಡಿ, ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಕಾಗದವನ್ನೇ ತಿನ್ನುತ್ತದೆ.

ಫ್ರೇಜರ್ ಟೌನ್:
ಗೋಡೆಯ ವಿಷಯಕ್ಕೆ ಬರೋಣ. ಎಲ್‌ಪಿ ಕವರ್ ಹನ್ನೆರಡು ಇಂಚಿಗಿಂತ ಸ್ವಲ್ಪ ದೊಡ್ಡದು, ಸುಮಾರು 31.5 ಸೆಂ.ಮೀ. ಹನ್ನೆರಡು ಇಂಚಿನ ರೆಡಿಮೇಡ್ ಫ್ರೇಮ್‌ನೊಳಗೆ ಕೂರುವುದಿಲ್ಲ. ಕವರನ್ನೇ ತೊಗೊಂಡು ಹೋಗಿ ಅಳತೆ ಕೊಡಿ. ಇನ್ನೊಂದು, ನಮ್ಮ ಫ್ರೇಮ್ ಅಂಗಡಿಯವರಿಗೆ ದೇವರ ಪಟ ಮಾಡಿ ಮಾಡಿ ಅಭ್ಯಾಸ. ಕೇಳದೆಯೇ ಹಿಂಬದಿಗೆ ಫೆವಿಕಾಲ್ ಬಳಿಯುತ್ತಾರೆ! ಅಂಟು ಬೇಡ, ಮೂಲೆಗೆ ಕಾಗದದ ತ್ರಿಕೋನ ಸಿಕ್ಕಿಸಿ ಸಾಕು ಅಂತ ಮೊದಲೇ ಹೇಳಿ. ಗಾಜು ಕವರ್‌ಗೆ ತಾಗದಂತೆ ನಡುವೆ ಮೌಂಟ್ (ದಪ್ಪ ಕಾಗದದ ಅಂಚು) ಇರಲಿ.

ಜಯನಗರ:
ಇಲ್ಲಿ ನನ್ನ ತಕರಾರಿದೆ. ಅಸಲಿಯನ್ನು ಗೋಡೆಗೆ ಯಾಕೆ ಹಾಕಬೇಕು? ಒಳ್ಳೆ ಕಲರ್ ಪ್ರಿಂಟ್ ತೆಗೆಸಿ ಅದನ್ನು ಹಾಕಿ, ಅಸಲಿ ಬೀರುವಿನಲ್ಲಿರಲಿ.

ಫ್ರೇಜರ್ ಟೌನ್:
ಬೀರುವಿನಲ್ಲಿಟ್ಟು ಯಾರಿಗೆ ತೋರಿಸುವುದು ಸಾರ್? ನೇರ ಬಿಸಿಲು ಬೀಳದ ಗೋಡೆ ನೋಡಿ, ಕೆಲವು ತಿಂಗಳಿಗೊಮ್ಮೆ ಕವರ್ ಬದಲಾಯಿಸಿದರಾಯಿತು.

ವಿಜಯನಗರ:
ಎಲ್ಲರಿಗೂ ಥ್ಯಾಂಕ್ಸ್. ಭಾರತದ ಗಿಟಾರ್ ಕವರ್‌ಗಳಿಂದಲೇ ಶುರು ಮಾಡುತ್ತೇನೆ. ಒಂದು ಸಂಶಯ: 'ಲಂಡನ್ ಕಾಲಿಂಗ್'ನಲ್ಲಿರುವುದು ತಗ್ಗು ಸ್ವರದ ಬಾಸ್ ಗಿಟಾರ್ ಅಲ್ವಾ? ಲೆಕ್ಕಕ್ಕೆ ಬರುತ್ತದಾ?

ಮಲ್ಲೇಶ್ವರ:
ಬಾಸೇ. ದಿ ಕ್ಲ್ಯಾಶ್‌ನ ಪಾಲ್ ಸಿಮೊನನ್ ನ್ಯೂಯಾರ್ಕ್‌ನ ವೇದಿಕೆಯಲ್ಲಿ ಅದನ್ನು ನೆಲಕ್ಕೆ ಬಡಿಯುತ್ತಿರುವ ಫೋಟೋ, 1979ರದ್ದು. ತೆಗೆದ ಪೆನಿ ಸ್ಮಿತ್ ಅವರಿಗೆ ಅದು ಬೇಡವಾಗಿತ್ತು, ಫೋಕಸ್ ಸರಿಯಿಲ್ಲ ಅಂತ. ಅದರ ಗುಲಾಬಿ, ಹಸಿರು ಅಕ್ಷರಗಳು ಎಲ್ವಿಸ್‌ನ ಆ ಮೊದಲ ಆಲ್ಬಂ ನೋಡಿಯೇ ಮಾಡಿದ್ದು. ಎರಡೂ ಸಿಕ್ಕರೆ ಅಕ್ಕಪಕ್ಕ ಹಾಕಿ. ನನ್ನ ಲೆಕ್ಕದಲ್ಲಿ ಬಾಸ್ ಬರುತ್ತದೆ.

ಬಸವನಗುಡಿ:
ಬಾಸ್ ಬಂದರೆ ಕರ್ನಾಟಕ ಸಂಗೀತದ ಯು. ಶ್ರೀನಿವಾಸ್ ಅವರ ಮ್ಯಾಂಡೊಲಿನ್ನೂ ಬರಬೇಕು. ಎಲೆಕ್ಟ್ರಿಕ್ಕೇ, ದೂರದಿಂದ ನೋಡಿದರೆ ಪುಟ್ಟ ಗಿಟಾರೇ. ನಾನಂತೂ ಸೇರಿಸಿಕೊಂಡಿದ್ದೇನೆ, ಒಪ್ಪದವರು ಬಿಡಿ.