ವಿಯೆಟ್ನಾಂ ಕಾಫಿ ಸೀಮೆಗೆ ಹೋಗಿ ಬಂದವರು ಯಾರಾದರೂ ಇದ್ದೀರಾ? ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕು

ಎತ್ತಿನಹಳ್ಳದ_ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರದ ಹತ್ತಿರ ಎಂಟು ಎಕರೆ ತೋಟ. ರೊಬಸ್ಟಾ ಕಾಫಿ, ನೆರಳಿನ ಮರಗಳಿಗೆ ಮೆಣಸು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪನಿಗೆ ಈಗ 68. ಇಷ್ಟು ವರ್ಷದಲ್ಲಿ ಅವರು ತೋಟ ಬಿಟ್ಟು ದೂರ ಹೋಗಿದ್ದು ಒಂದೇ ಸಲ, ಕಾಶಿಗೆ. ಈಗ ಇದ್ದಕ್ಕಿದ್ದಂತೆ "ವಿಯೆಟ್ನಾಂ ನೋಡ್ಬೇಕು ಕಣೋ" ಅಂತಿದ್ದಾರೆ. ಕಾಫಿ ರೇಟು ಏರಿದರೂ ಇಳಿದರೂ ಪೇಪರಿನಲ್ಲಿ ಆ ದೇಶದ ಹೆಸರು ಬರುತ್ತದೆ, ಅವರು ಅದೇನು ಮಾಡ್ತಾರೋ ಕಣ್ಣಾರೆ ನೋಡಿ ಬರೋಣ ಅನ್ನುವುದು ಅವರ ಹಟ.

ಅಮ್ಮ ಸಸ್ಯಾಹಾರಿ. ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ನೋಡುವ ಜಾಗಗಳ ಪಟ್ಟಿ ಬೇಡ, ಅದು ಎಲ್ಲ ಕಡೆ ಸಿಗುತ್ತದೆ. ನಮ್ಮ ಕಡೆಯಿಂದ ಹೋದವರಿಗೆ ಅಲ್ಲಿ ಏನು ವಿಚಿತ್ರ ಅನ್ನಿಸಿತು, ಎಲ್ಲಿ ಎಡವಿದಿರಿ, ಅದನ್ನು ಹೇಳಿ. ಬೇರೆ ದೇಶದ ಅನುಭವ ಇದ್ದರೂ ಪರವಾಗಿಲ್ಲ.

ಹೂಮಳೆ

ನಾನು ಮೂಡಿಗೆರೆ ಕಡೆಯವಳು. ಕಳೆದ ಮಾರ್ಚ್ ಮೊದಲ ವಾರ ಆರು ಮನೆಯವರು ಗಂಡ ಹೆಂಡತಿ ಸೇರಿ ಹನ್ನೆರಡು ಜನ ಹೋಗಿದ್ದೆವು. ಕೊಯ್ಲು ಮುಗಿದಿತ್ತು, ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿರಲಿಲ್ಲ. ಬೆಳೆಗಾರರಿಗೆ ಊರು ಬಿಡೋಕೆ ಸಿಗುವುದು ಅದೊಂದೇ ಸಂದು, ನಿಮ್ಮ ಅಪ್ಪನಿಗೆ ಗೊತ್ತಿರುತ್ತದೆ.

ವೀಸಾಕ್ಕೆ ಅಲೆಯುವ ಕೆಲಸ ಇಲ್ಲ. ಮೊಬೈಲಿನಲ್ಲೇ ಇ-ವೀಸಾ, 25 ಡಾಲರ್. ಗಡಿಯಾರ ಒಂದೂವರೆ ಗಂಟೆ ಮುಂದೆ ಇಟ್ಟರೆ ಆಯಿತು.

ಹೋ ಚಿ ಮಿನ್ ನಗರದಲ್ಲಿ ಇಳಿದು, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಬುವೋನ್ ಮಾ ತುವೋಟ್‌ಗೆ ಹೋದೆವು. ಡಾಕ್ ಲಾಕ್ ಪ್ರಾಂತ್ಯದ ಊರು, ಅವರ ಕಾಫಿಗೆ ಅದೇ ರಾಜಧಾನಿ. ಸುಮಾರು 350 ಕಿಲೋಮೀಟರ್, ಎಂಟು ಗಂಟೆ. ಬಸ್ ಹತ್ತುವಾಗಲೇ ಚಪ್ಪಲಿ ಬಿಡಿ ಅಂದರು. ಪ್ರತಿಯೊಬ್ಬರ ಕೈಗೂ ಒಂದು ಪ್ಲಾಸ್ಟಿಕ್ ಕವರ್, ಅದರಲ್ಲಿ ಚಪ್ಪಲಿ. ದೇವಸ್ಥಾನಕ್ಕೆ ಹೋದ ಹಾಗೆ ಬರಿಗಾಲಲ್ಲಿ ಬಸ್ಸಿನೊಳಗೆ ನಡೆದೆವು. ನಮ್ಮ ಯಜಮಾನರು ಆರಡಿ ಎತ್ತರ. ಆ ಮಲಗುವ ಸೀಟು ಅವರಿಗೆ ಸಾಲದೆ ರಾತ್ರಿಯಿಡೀ ಮಂಡಿ ಮಡಿಸಿಕೊಂಡೇ ಇದ್ದರು. ನಿಮ್ಮ ತಂದೆಗೆ ಮಂಡಿನೋವು ಇದ್ದರೆ ವಿಮಾನದಲ್ಲೇ ಹೋಗಿ, ಒಂದು ಗಂಟೆ ಸಾಕು.

ಬೆಳಿಗ್ಗೆ ಕಿಟಕಿ ಸರಿಸಿದರೆ ಕಾಫಿ ಹೂವಿನ ವಾಸನೆ. ನಮ್ಮದೇ ವಾಸನೆ, ಒಂದು ಚೂರೂ ವ್ಯತ್ಯಾಸ ಇಲ್ಲ. ಆದರೆ ಹೊರಗೆ ನೋಡಿದರೆ ಮರವೇ ಇಲ್ಲ! ಗುಡ್ಡದಿಂದ ಗುಡ್ಡಕ್ಕೆ ಕಾಫಿ ಗಿಡ, ಮೇಲೆ ಬರೀ ಬಿಸಿಲು. ಅಲ್ಲೊಂದು ಇಲ್ಲೊಂದು ಡುರಿಯನ್ ಮರ, ಕಾಂಕ್ರೀಟ್ ಕಂಬಕ್ಕೆ ಹಬ್ಬಿಸಿದ ಮೆಣಸು. ಹಾಲುವಾಣ, ಅತ್ತಿ, ಸಿಲ್ವರ್ ಓಕ್ ನೋಡಿ ಬೆಳೆದ ಕಣ್ಣು ನಮ್ಮದು. ನನಗೆ ಅದು ತೋಟ ಅನ್ನಿಸಲೇ ಇಲ್ಲ, ಸೂರು ಕಿತ್ತ ಮನೆ ನೋಡಿದ ಹಾಗಾಯಿತು. ಹಕ್ಕಿ ಸದ್ದು ಕೂಡ ಕಡಿಮೆ.

ಒಬ್ಬ ಬೆಳೆಗಾರರ ಮನೆಯಲ್ಲಿ ಒಂದಿಡೀ ದಿನ ಕಳೆದೆವು. ಅವರದು ಒಂದೂವರೆ ಹೆಕ್ಟೇರ್, ಅಲ್ಲಿ ಹೆಚ್ಚಿನವರದು ಅಷ್ಟೇ. ಪ್ರತಿ ಗಿಡದ ಬುಡಕ್ಕೂ ದೊಡ್ಡ ಪಾತಿ. ನಾವು ಹೋದಾಗ ಗಂಡ ಹೆಂಡತಿ ಇಬ್ಬರೂ ದಪ್ಪ ಪೈಪು ಹಿಡಿದು ಪಾತಿ ತುಂಬಿಸುತ್ತಾ ನಡೆಯುತ್ತಿದ್ದರು. ಜನವರಿಯಿಂದ ಏಪ್ರಿಲ್‌ವರೆಗೆ ಮೂರು ನಾಲ್ಕು ಸುತ್ತು ಹೀಗೆ ನೀರು ಕೊಡಬೇಕಂತೆ. ನಾವು ಆಕಾಶ ನೋಡಿಕೊಂಡು ಕೂರುತ್ತೇವೆ, ಇಲ್ಲಾ ಕೆರೆಯಲ್ಲಿ ನೀರಿದ್ದರೆ ಸ್ಪ್ರಿಂಕ್ಲರ್ ಹಾಕುತ್ತೇವೆ. ಅವರು ಮಳೆಯನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಆ ದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ ಎರಡೂವರೆ ಟನ್ ಮೇಲೆ. ನಮ್ಮ ದೇಶದ್ದು ಅರೇಬಿಕಾ ರೊಬಸ್ಟಾ ಎಲ್ಲ ಸೇರಿಸಿ ಒಂದು ಟನ್ ಮುಟ್ಟುವುದಿಲ್ಲ. ಈ ಲೆಕ್ಕ ಕೇಳಿ ನಮ್ಮ ಗುಂಪಿನ ಗಂಡಸರ ಮುಖ ಸಪ್ಪಗಾಯಿತು. ಆಮೇಲೆ ಆ ಮನೆಯವರು ಬಾವಿ ತೋರಿಸಿದರು. ಅಪ್ಪನ ಕಾಲದಲ್ಲಿ ನೀರು ಎಲ್ಲಿತ್ತು, ಈಗ ಎಲ್ಲಿದೆ ಅಂತ ಕೈಯಲ್ಲೇ ಅಳತೆ ಮಾಡಿ ಹೇಳಿದರು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ತೋಟ ಎಷ್ಟು ಬೇರೆಯೋ ಮನೆಯೊಳಗೆ ಅಷ್ಟೇ ನಮ್ಮಂತೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರೆ ಹಿರಿಯರ ಫೋಟೋ, ಮುಂದೆ ಹಣ್ಣು, ಊದುಬತ್ತಿ, ಚಿಕ್ಕ ಲೋಟದಲ್ಲಿ ನೀರು. ನಮ್ಮಲ್ಲಿ ಪಕ್ಷಕ್ಕೆ ಎಡೆ ಇಡುವ ಹಾಗೆ. ಅವರಿಗೆ ಅದು ದಿನಾ ಇರಬೇಕು. ಕೂತ ತಕ್ಷಣ ಹೆಸರು ಕೇಳಲಿಲ್ಲ, "ಎಷ್ಟು ವಯಸ್ಸು?" ಅಂದರು. ಸಿಟ್ಟಾಗಬೇಡಿ. ವಯಸ್ಸು ಗೊತ್ತಾಗದೆ ಅವರಿಗೆ ಮಾತೇ ಆಡೋಕಾಗಲ್ಲ. ನೀನು ನಾನು ಅನ್ನುವ ಕಡೆಯೆಲ್ಲ ಅಕ್ಕ, ಅಣ್ಣ, ತಂಗಿ, ಚಿಕ್ಕಪ್ಪ ಅನ್ನಬೇಕು. ನನಗೆ 54, ಆ ಮನೆಯಾಕೆಗೆ 49. ಹಾಗಾಗಿ ನಾನು ಅಕ್ಕ. ಅಕ್ಕನಿಗೆ ಅವರ ಭಾಷೆಯಲ್ಲಿ "ಚಿ" ಅನ್ನುತ್ತಾರೆ. ದಿನವಿಡೀ ಆಕೆ ನನ್ನ ಹಿಂದೆ "ಚಿ... ಚಿ..." ಅಂತ ಪ್ರೀತಿಯಿಂದ ಕರೆಯುವುದು, ನಮ್ಮವರೆಲ್ಲ ಮುಸಿಮುಸಿ ನಗುವುದು. ನನಗೋ ಏನೋ ತಪ್ಪು ಮಾಡಿ ಬೈಸಿಕೊಳ್ಳುತ್ತಿದ್ದೇನೆ ಅನ್ನಿಸೋದು.

ಊಟದ ವಿಷಯ. "ಆನ್ ಚಾಯ್" ಅಂದರೆ ಸಸ್ಯಾಹಾರ ತಿನ್ನುವುದು. ನಮ್ಮ ಯಜಮಾನರು ಬೋರ್ಡಿನಲ್ಲಿ ಆ ಪದ ಕಂಡಲ್ಲೆಲ್ಲ ಟೀ ಅಂಗಡಿ ಅಂದುಕೊಂಡು ನುಗ್ಗಿದ್ದರು. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ, ಅವರ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಲ್ಲಿ ತುಂಬಾ ಜನ ಮಾಂಸ ತಿನ್ನುವುದಿಲ್ಲ. ಆ ದಿನ ಹೋದರೆ ನಿಮ್ಮ ಅಮ್ಮನಿಗೆ ಹಬ್ಬ. ಬೇರೆ ದಿನ ಮಾತ್ರ ಹುಷಾರು. ಬರೀ ಸೊಪ್ಪಿನ ಪಲ್ಯ ಅಂದುಕೊಂಡರೆ ಅದರಲ್ಲೂ ಮೀನಿನ ರಸ ಇರುತ್ತದೆ, ನಾವು ಉಪ್ಪು ಹಾಕುವಷ್ಟು ಸಲೀಸಾಗಿ ಹಾಕುತ್ತಾರೆ. ಅಕ್ಕಿ ಶಾವಿಗೆ ನಮ್ಮ ಒತ್ತು ಶಾವಿಗೆಯ ತಂಗಿ. ಅದಕ್ಕೆ ಕಾಯಿಹಾಲು ಬೆಲ್ಲ ಇದ್ದಿದ್ದರೆ ಅಂತ ಆರೂ ಜನ ಹೆಂಗಸರು ಒಟ್ಟಿಗೆ ಅಂದೆವು. ಚಟ್ನಿಪುಡಿ, ಉಪ್ಪಿನಕಾಯಿ ತೆಗೆದುಕೊಂಡು ಹೋಗಿ.

ಕಾಫಿ ಬಗ್ಗೆ ಹೇಳದಿದ್ದರೆ ಹೇಗೆ. ಲೋಟದ ತಳದಲ್ಲಿ ಗಟ್ಟಿ ಸಿಹಿ ಹಾಲು, ಮೇಲೆ ತೂತಿನ ಪುಟ್ಟ ತಟ್ಟೆಯಂಥ ಫಿಲ್ಟರು. ಹನಿ ಹನಿಯಾಗಿ ಇಳಿಯುತ್ತದೆ. ನೀವು ಸುಮ್ನೆ ನೋಡುತ್ತಾ ಕೂರಬೇಕು. ಆಮೇಲೆ ಅದಕ್ಕೆ ಐಸು! ರುಚಿ ಗಡುಸು, ಮಧ್ಯಾಹ್ನ ಕುಡಿದರೆ ರಾತ್ರಿ ನಿದ್ದೆ ಇಲ್ಲ. ಫ್ರೆಂಚರ ಕಾಲದಲ್ಲಿ ತಾಜಾ ಹಾಲು ಸಿಗದೆ ಡಬ್ಬಿ ಹಾಲು ರೂಢಿಯಾಯಿತಂತೆ. ಕಾಫಿ ಗಿಡ ಬಂದದ್ದೂ ಹಾಗೇ, 1857ರಲ್ಲಿ ಫ್ರೆಂಚ್ ಪಾದ್ರಿಗಳ ಕೈಯಲ್ಲಿ. ನಾನು ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ಬಚ್ಚಿಟ್ಟು ತಂದ ಕಥೆ ಹೇಳಿದೆ. ಆ ಮನೆಯ ಅಜ್ಜ ಎಲ್ಲ ಕೇಳಿ, ಅನುವಾದ ಮಾಡುವ ಹುಡುಗನ ಕೈಲಿ ಒಂದೇ ಮಾತು ಕೇಳಿಸಿದರು: "ಏಳೂ ಮೊಳೆತವಾ?" ನಮ್ಮಲ್ಲಿ ಇಷ್ಟು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ಇನ್ನೆರಡು ಮಾತು. ದುಡ್ಡು ನೋಡಿ ಕೊಡಿ. ಒಂದು ರೂಪಾಯಿಗೆ ಸುಮಾರು 300 ಡಾಂಗ್, ಸೊನ್ನೆ ಎಣಿಸಿಯೇ ಸುಸ್ತು. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ನಾನು ಹಣ್ಣಿನವಳಿಗೆ ದೊಡ್ಡದನ್ನೇ ಕೊಟ್ಟು ಹೊರಟಿದ್ದೆ. ಆಕೆ ಓಡಿ ಬಂದು ವಾಪಸ್ ಕೊಟ್ಟಳು.

ಎರಡನೆಯದು ಆನೆ. ಹತ್ತಿರದ ಬುವೋನ್ ಡಾನ್ ಆನೆ ಪಳಗಿಸುವುದಕ್ಕೆ ಹೆಸರುವಾಸಿ. ಗೈಡು ಬಂದು "ನಾಳೆ ನಿಮಗೆ ಆನೆ ತೋರಿಸುತ್ತೇವೆ" ಅಂದ. ನಮ್ಮ ಜೊತೆ ಆಲೂರಿನ ದಂಪತಿ ಇದ್ದರು. ಹಿಂದಿನ ವಾರವಷ್ಟೇ ಅವರ ಗದ್ದೆ ತುಳಿದು ಹೋಗಿತ್ತು. "ದುಡ್ಡು ಕೊಟ್ಟು ಆನೆ ನೋಡೋದಾ? ಬೇಕಾದ್ರೆ ಇವ್ರಿಗೆ ನಾಲ್ಕು ಕಳಿಸ್ತೀನಿ ಅಂತ ಹೇಳು" ಅಂದರು ಅವರು. ಆ ಹುಡುಗ ಅದನ್ನು ಅನುವಾದ ಮಾಡಲೇ ಇಲ್ಲ.

ನಿವೃತ್ತ_ಮೇಷ್ಟ್ರು

ಹಾಸನದಿಂದ. ನಾನು ವಿಯೆಟ್ನಾಂ ನೋಡಿಲ್ಲ, ಆದರೆ ಕಾಫಿಯ ತವರು ನೋಡಿದ್ದೇನೆ. ಇಥಿಯೋಪಿಯಾದ ಜಿಮ್ಮಾ ಊರಿನಲ್ಲಿ ಎರಡು ವರ್ಷ ಪಾಠ ಮಾಡಿದೆ. ಆಗ ಅಲ್ಲಿನ ಕಾಲೇಜುಗಳಲ್ಲಿ ನಮ್ಮ ದೇಶದ ಮೇಷ್ಟ್ರುಗಳು ತುಂಬಾ ಇದ್ದರು.

ಎಡವಿದ್ದು ಎಲ್ಲಿ ಅಂತ ಕೇಳಿದ್ದೀರಿ. ಮೊದಲ ದಿನವೇ. "ನಾಳೆ ಎರಡು ಗಂಟೆಗೆ ಕ್ಲಾಸು" ಅಂದರು. ನಾನು ಅನ್ನ ಸಾರು ಮಾಡಿಕೊಂಡು ಉಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಮಧ್ಯಾಹ್ನ ಎರಡಕ್ಕೆ ಹೋದರೆ ಒಂದು ನರಪಿಳ್ಳೆ ಇಲ್ಲ. ಅವರ ಗಡಿಯಾರ ಬೆಳಿಗ್ಗೆ ಆರಕ್ಕೆ ಶುರು. ನಮ್ಮ ಏಳು ಅವರ ಒಂದು, ನಮ್ಮ ಎಂಟು ಅವರ ಎರಡು. ಮಕ್ಕಳು ಬೆಳಿಗ್ಗೆ ಬಂದು ಕಾದು ಹೋಗಿದ್ದರು. ನಮ್ಮ ತಾತ ಪಂಚಾಂಗ ಹಿಡಿದು "ಉದಯದಿಂದ ಇಷ್ಟು ಗಳಿಗೆ" ಅಂತ ಲೆಕ್ಕ ಹಾಕುತ್ತಿದ್ದದ್ದು ಆಗ ನೆನಪಾಯಿತು. ವರ್ಷಕ್ಕೆ 13 ತಿಂಗಳು, ಕೊನೆಯ ತಿಂಗಳಿಗೆ ಐದೋ ಆರೋ ದಿನ. ನಮಗಿಂತ ಏಳೆಂಟು ವರ್ಷ ಹಿಂದೆ ಇದ್ದಾರೆ. ಅಲ್ಲಿಗೆ ಹೋಗಿ ನಾನು ಪುಕ್ಕಟೆ ಪ್ರಾಯದವನಾದೆ.

ಕಾಫಿಗೆ ಅವರು "ಬುನ್ನಾ" ಅನ್ನುತ್ತಾರೆ. ಯಾರದಾದರೂ ಮನೆಗೆ ಹೋದರೆ ಹಸಿ ಬೀಜದಿಂದಲೇ ಶುರು. ನೆಲಕ್ಕೆ ಹಸಿ ಹುಲ್ಲು ಹರಡಿ, ಬೀಜ ತೊಳೆದು, ನಮ್ಮೆದುರಿಗೇ ಹುರಿದು, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮೂಗಿನ ಹತ್ತಿರ ತರುತ್ತಾರೆ. ಆಮೇಲೆ ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಡುತ್ತಾರೆ. ಮೂರನೆಯದು ಕುಡಿಯದೆ ಎದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಜೊತೆಗೆ ಜೋಳದ ಅರಳು. "ಅರ್ಜೆಂಟಾಗಿ ಒಂದು ಕಾಫಿ" ಅನ್ನುವ ಮಾತನ್ನು ಆ ಮನೆಗಳಲ್ಲಿ ಆಡುವ ಹಾಗೇ ಇಲ್ಲ.

ನಿಮ್ಮ ತಾಯಿಯವರಿಗೆ ವಿಯೆಟ್ನಾಂಗಿಂತ ಅದೇ ವಾಸಿ ಅಂತ ನನ್ನ ಅಭಿಪ್ರಾಯ. ಅಲ್ಲಿನ ಕ್ರಿಶ್ಚಿಯನ್ನರು ಬುಧವಾರ, ಶುಕ್ರವಾರ ಉಪವಾಸ ಮಾಡುತ್ತಾರೆ. ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಇಂಜೆರಾ ಅಂದರೆ ಹುಳಿ ಬಂದ ದೊಡ್ಡ ದೋಸೆ, ಟೆಫ್ ಅನ್ನುವ ರಾಗಿಗಿಂತ ಸಣ್ಣ ಕಾಳಿನದು. ಒಂದೇ ತಟ್ಟೆಯಲ್ಲಿ ಎಲ್ಲರೂ ಕೈ ಹಾಕಿ ತಿನ್ನಬೇಕು. ಎಂಜಲು ಮಡಿ ಅಂತ ಬೆಳೆದ ನನಗೆ ಒಂದು ತಿಂಗಳು ಬೇಕಾಯಿತು. ಒಂದು ದಿನ ಸಹೋದ್ಯೋಗಿಯ ಹೆಂಡತಿ ತುತ್ತು ಮಾಡಿ ನೇರ ನನ್ನ ಬಾಯಿಗೇ ಇಟ್ಟುಬಿಟ್ಟರು. ಅದು ಅವರ ಗೌರವ, "ಗುರ್ಶಾ" ಅಂತ ಹೆಸರು. ನನಗೆ ಬೇರೆಯವರು ಹಾಗೆ ತುತ್ತಿಟ್ಟದ್ದು ಮದುವೆಯ ದಿನವೇ ಕೊನೆ. ಊರಿಗೆ ಫೋನ್ ಮಾಡಿದಾಗ ಈ ಸುದ್ದಿ ಮಾತ್ರ ಹೇಳಲಿಲ್ಲ.

ಐಜಿ_ರೋಡ್_ಚಿಕ್ಕಮಗಳೂರು

ಮೇಲಿನವರದ್ದು ಓದಿ ಹೊಟ್ಟೆ ಉರಿಯಿತು. ನಾವು ಹೋಗಿದ್ದು ಪ್ಯಾಕೇಜಿನಲ್ಲಿ, ಐದು ರಾತ್ರಿ. ಹಾ ಲಾಂಗ್ ಕೊಲ್ಲಿ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ ಮೂರು ಹೊತ್ತೂ ಉತ್ತರ ಭಾರತದ ಪನೀರ್, ದಿನಾ ಒಂದು ಅಂಗಡಿಗೆ ಕರೆದುಕೊಂಡು ಹೋಗಿ ಕೂಡಿಹಾಕುವುದು. ಆ ದೇಶದವರ ಜೊತೆ ನಾನು ಆಡಿದ ಮಾತು ಒಟ್ಟು ಹತ್ತು ಇರಬಹುದು. ಅಪ್ಪ ತೋಟ ನೋಡಬೇಕು ಅಂತಿದ್ದರೆ ದಯವಿಟ್ಟು ಗುಂಪಿನ ಟೂರು ಬೇಡ. ರಸ್ತೆ ದಾಟುವಾಗ ಮಾತ್ರ ಹುಷಾರು. ಬೈಕುಗಳು ನಿಲ್ಲುವುದಿಲ್ಲ. ಒಂದೇ ಸಮ ನಿಧಾನ ನಡೆಯುತ್ತಿರಿ, ಅವರೇ ಸುತ್ತಿಕೊಂಡು ಹೋಗುತ್ತಾರೆ. ನಡುವೆ ಹೆದರಿ ಓಡಿದಿರೋ, ಕೆಟ್ಟಿರಿ.

ಎತ್ತಿನಹಳ್ಳದ_ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಫೋನಿನಲ್ಲಿ ಅಪ್ಪ ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಗುರ್ಶಾ ಕೇಳಿ ಅಮ್ಮ ಇಥಿಯೋಪಿಯಾ ಬೇಡ ಅಂದುಬಿಟ್ಟರು ಮೇಷ್ಟ್ರೇ. ಮಾರ್ಚಿಗೆ ವಿಯೆಟ್ನಾಂ ಅಂತ ಆಯಿತು, ಹುಣ್ಣಿಮೆ ನೋಡಿಕೊಂಡು ಟಿಕೆಟ್ ಮಾಡುತ್ತೇನೆ.

ಹೂಮಳೆ ಅಕ್ಕ, ಅಪ್ಪನದು ಒಂದೇ ಪ್ರಶ್ನೆ. ಇಳುವರಿ, ರೇಟು ಏನೂ ಕೇಳಲಿಲ್ಲ. "ಮರ ಇಲ್ಲ ಅಂದ್ರೆ ಮಧ್ಯಾಹ್ನ ಎಲ್ಲಿ ಕೂತು ಬುತ್ತಿ ಬಿಚ್ತಾರೆ?" ಅಂದರು.

ಹೂಮಳೆ

ಬಿಚ್ಚುವುದಿಲ್ಲ ಕಣಪ್ಪ. ಮನೆ ತೋಟದ ಪಕ್ಕದಲ್ಲೇ ಇರುತ್ತದೆ. ಹನ್ನೊಂದಕ್ಕೆಲ್ಲ ಬಂದು ಉಂಡು, ಜಗುಲಿಯ ಬಲೆ ತೊಟ್ಟಿಲಲ್ಲಿ ಮಲಗಿಬಿಡುತ್ತಾರೆ. ಮತ್ತೆ ಪೈಪು ಹಿಡಿಯುವುದು ಬಿಸಿಲು ತಗ್ಗಿದ ಮೇಲೆ. ನಮ್ಮ ಯಜಮಾನರೂ ಅಂಥದ್ದೊಂದು ತೊಟ್ಟಿಲು ತಂದಿದ್ದಾರೆ. ಹಿತ್ತಲ ಹಲಸಿನ ಮರಕ್ಕೆ ಕಟ್ಟಿದ್ದೇವೆ, ಆದರೆ ಅದರಲ್ಲಿ ಮಲಗುವುದು ನಮ್ಮನೆ ಬೆಕ್ಕು.