ಹೀರೆ ಮಿಡಿ ಹಳದಿಯಾಗಿ ಉದುರುತ್ತಿದೆ

ಪ್ರಶ್ನೆ: ಬೆಂಗಳೂರು, ತಾರಸಿ ತೋಟ. ಫೆಬ್ರವರಿಯಲ್ಲಿ ಗ್ರೋಬ್ಯಾಗಿಗೆ ಹಾಕಿದ ಹೀರೆ ಚಪ್ಪರ ತುಂಬಿದೆ, ಮಿಡಿ ಮಾತ್ರ ಬೆರಳುದ್ದವಾಗುವ ಮೊದಲೇ ಉದುರುತ್ತಿದೆ. ಗೊಬ್ಬರ ಹೆಚ್ಚಿಸಲೇ?

ಉತ್ತರ 1: ಖಂಡಿತ ಬೇಡ, ಬರೀ ಎಲೆ ಹೆಚ್ಚುತ್ತದೆ. ಪರಾಗಸ್ಪರ್ಶ ಆಗುತ್ತಿಲ್ಲ ಅನಿಸುತ್ತದೆ. ಹೀರೆ ಹೂ ಅರಳುವುದು ಸಂಜೆ. ಆ ಹೊತ್ತಿಗೆ ಜೇನ್ನೊಣ ಕಡಿಮೆ. ಹೂ ಬಿರಿದ ಕೂಡಲೇ ಗೊಂಚಲಿನ ಗಂಡು ಹೂವೊಂದನ್ನು ಕಿತ್ತು, ದಳ ಬಿಡಿಸಿ, ಬುಡದಲ್ಲಿ ಮಿಡಿಯಿರುವ ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ತುಪ್ಪದ ಹೀರೆಯಾದರೆ ಬೆಳಿಗ್ಗೆಯೇ ಮಾಡಬೇಕು.

ಉತ್ತರ 2: ಉದುರಿದ ಮಿಡಿ ಸೀಳಿ ನೋಡಿ. ಬಿಳಿ ಹುಳವಿದ್ದರೆ ಹಣ್ಣು ನೊಣದ ಕಾಟ. ಅವನ್ನು ಕಾಂಪೋಸ್ಟಿಗೆ ಹಾಕಲೇಬೇಡಿ, ಮಣ್ಣಲ್ಲಿ ಕೋಶವಾಗಿ ಮತ್ತೆ ನೊಣ ಏಳುತ್ತದೆ. ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ. ಬಳ್ಳಿಯ ಹತ್ತಿರ ಕ್ಯೂಲೂರ್ ಬಲೆ (ವಾಸನೆಯಿಂದ ಗಂಡು ನೊಣಗಳನ್ನು ಸೆಳೆದು ಹಿಡಿಯುವ ಸಾಧನ) ತೂಗುಹಾಕಿ.